ಬೂದು ಚಿಪ್ಪಿನ ನೆತ್ತಿ

ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಉಸಿರು ಬಿಗಿಹಿಡಿದು, ದೊಡ್ಡವಳು ಚಿಪ್ಪನ್ನು ಹತ್ತಿಯ ಮೇಲಿಂದ ಎತ್ತಿದಳು. ಎತ್ತಿದ್ದೇನೋ ಆಯಿತು, ಇಳಿಸಲು ಕೈ ಬರಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಕಪ್ಪು ಮರಳು ತುಂಬಿದ ಬಟ್ಟಲು ಕಾಯುತ್ತಿತ್ತು. ಅದರಲ್ಲಿ ಆಗಲೇ ಇನ್ನೊಂದು ಚಿಪ್ಪಿನ ತುಂಡು ಬೆನ್ನು ಮೇಲೆ ಮಾಡಿ ಕೂತಿತ್ತು. ಕುಂಚದ ತುದಿಯ ನಾಲ್ಕು ಕೂದಲಿಗೆ ಅಂಟಿಕೊಂಡು, ಸಾಸಿವೆಗಿಂತ ದೊಡ್ಡದು, ಉದ್ದಿನಕಾಳಿಗಿಂತ ಚಿಕ್ಕದು ಎನ್ನುವಂಥ ಆ ಕಪ್ಪೆಚಿಪ್ಪು ಗಾಳಿಯಲ್ಲಿ ನಡುಗುತ್ತಿತ್ತು.

"ಅದನ್ನ ಬೀಳಿಸಿದರೆ ನಿನ್ನ ಸಂಬಳವಲ್ಲ, ನಿನ್ನ ವಂಶ ಮಾರಿದರೂ ಸಾಲಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಮೀನಿನವನು.

ಮೀನಿನವನು ಪಕ್ಕದ ಕೋಣೆಯವನು. ಮ್ಯೂಸಿಯಮ್ಮಿನ ಹಿಂಭಾಗದ ಆ ಉದ್ದ ಓಣಿಯಲ್ಲಿ ಸ್ವಂತ ಹೆಸರಿಂದ ಕರೆಸಿಕೊಳ್ಳುವವರು ಯಾರೂ ಇರಲಿಲ್ಲ. ಮೀನು ನೋಡುವವನು ಮೀನಿನವನು, ಏಡಿ ನೋಡುವಾಕೆ ಏಡಿಯಮ್ಮ, ಇವಳು ಚಿಪ್ಪಿನವಳು. ಜಗತ್ತಿನ ಹುಳಹುಪ್ಪಟೆಗೆಲ್ಲ ಎರಡೆರಡು ಪದದ ಹೆಸರು ಕೂಡಿಸಿ ಕೊಡುವ ಜನ ತಮ್ಮತಮ್ಮಲ್ಲಿ ಒಂದೇ ಪದದಲ್ಲಿ ಕೆಲಸ ಮುಗಿಸುತ್ತಿದ್ದರು. ಮನೆಯಲ್ಲೂ ಅಷ್ಟೆ, ಅಲ್ಲಿ ಅವಳು ದೊಡ್ಡವಳು. ಚಿಕ್ಕವಳು ಒಬ್ಬಳಿದ್ದಾಗ ಬಂದ ಹೆಸರು ಅದು. ಚಿಕ್ಕವಳು ಹೋದಳು, ಹೆಸರು ಉಳಿಯಿತು. ಯಾರಿಗಿಂತ ದೊಡ್ಡವಳು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಮೀನಿನವನು ಹೇಳಿದ್ದು ತಮಾಷೆಗೇ ಆದರೂ ಸುಳ್ಳಲ್ಲ. ಅದು ಮೂಲ ಮಾದರಿ. ಒಂದು ಜೀವಿಗೆ ಹೊಸದಾಗಿ ಹೆಸರಿಡುವವರು, ಇಗೋ ಈ ಹೆಸರು ಇದಕ್ಕೆ ಎಂದು ಒಂದನ್ನು ತೋರಿಸಿ ಎತ್ತಿಡಬೇಕು. ಮುಂದೆ ಎಷ್ಟು ಸಾವಿರ ಸಿಕ್ಕರೂ ಹೆಸರು ಕಟ್ಟುಬಿದ್ದಿರುವುದು ಆ ಒಂದಕ್ಕೆ. ಅದರ ಗಾಜಿನ ಕೊಳವೆಗೆ ಕೆಂಪು ಅಂಚಿನ ಚೀಟಿ, ಕೊಳವೆಗೊಂದು ಡಬ್ಬಿ, ಡಬ್ಬಿಗೊಂದು ಬೀಗದ ಕಪಾಟು. ಈ ಚಿಪ್ಪಿಗೆ ಹೆಸರಿಟ್ಟವರು ಅವಳ ಅಪ್ಪ. ಅವಳಿಗಿಂತ ಮೊದಲು ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತಿದ್ದವರು ಅವರು. ಕುಂಚವನ್ನು ನಾಲಿಗೆಗೆ ತಾಗಿಸುವ ಚಾಳಿಯೂ ಅವರಿಂದಲೇ ಬಂದದ್ದು. ಅವರಿಟ್ಟ ಹೆಸರಿನ ಎರಡನೆಯ ಪದ ಚಿಕ್ಕವಳ ಹೆಸರು, ತುದಿಯಲ್ಲಿ ಲ್ಯಾಟಿನ್ನಿನದೊಂದು ಬಾಲ.

ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಹೋದ ತಿಂಗಳು ದೂರದ ವಿಶ್ವವಿದ್ಯಾಲಯವೊಂದರಿಂದ ಒಬ್ಬ ಹುಡುಗ ಪಾಠ ಒಪ್ಪಿಸಿದಷ್ಟು ವಿನಯದಿಂದ ಬರೆದಿದ್ದ: ಆ ಮೂಲ ಮಾದರಿಯನ್ನು ಕೆಲವು ವಾರಗಳ ಮಟ್ಟಿಗೆ ಕಳಿಸಿಕೊಡಬಹುದೇ ಎಂದು. ಯಾಕೆ ಬೇಕು ಎಂದು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಹುಡುಗಿ ನೋಡಲು ಬಂದವರು ಮನೆಯ ಗೋಡೆ ನೋಡಿ ಹೋಗುವುದಿಲ್ಲ. ಮೂಲ ಮಾದರಿ ಕೇಳುವವನು ಹೊಗಳಲು ಕೇಳುವುದಿಲ್ಲ, ಹೆಸರಿನ ಮೇಲೆ ಅನುಮಾನ ಬಂದೇ ಕೇಳುತ್ತಾನೆ. ಕಟ್ಟಿ ಕಳಿಸುವ ಮೊದಲು ತಾನೊಮ್ಮೆ ನೋಡಿಬಿಡೋಣ ಎಂದುಕೊಂಡದ್ದೇ ಅವಳಿಗೆ ಮುಳುವಾಯಿತು.

ಚಿಪ್ಪನ್ನು ಕಪ್ಪು ಮರಳಿನ ಮೇಲೆ ಇಳಿಸಿದಳು. ಪಕ್ಕದಲ್ಲಿದ್ದ ತುಂಡು ಬೂದು ಚಿಪ್ಪಿನದು. ಬೂದು ಚಿಪ್ಪು ಎಂದರೆ ಮೀನಿನ ಮಾರುಕಟ್ಟೆಯಲ್ಲಿ ಕೆಜಿ ಲೆಕ್ಕದಲ್ಲಿ ತೂಗಿ ಸುರಿಯುವಂಥದ್ದು, ಬಡವರ ಮನೆಯ ಹಿತ್ತಿಲಲ್ಲಿ ರಾಶಿ ಬಿದ್ದಿರುವಂಥದ್ದು, ಅಂಗೈಯಷ್ಟು ಅಗಲ, ನೋಡಲು ಏನೂ ಇಲ್ಲ. ಇದೊಂದು ಮಾತ್ರ ದೋಣಿ ಕಟ್ಟುವ ಹಳೆಯ ಧಕ್ಕೆಯ ಕಲ್ಲಿನ ಸಂದಿಯಲ್ಲಿ, ಅಲೆಯಾಗಲಿ ಮರಳಾಗಲಿ ತಾಗದ ಜಾಗದಲ್ಲಿ ಬೆಳೆದಿತ್ತು. ಹಾಗಾಗಿ ಅದರ ನೆತ್ತಿ ಸವೆದಿರಲಿಲ್ಲ.

ಕಪ್ಪೆಚಿಪ್ಪು ಮನುಷ್ಯರ ಹಾಗಲ್ಲ. ಅದು ಮರಿಯಾಗಿದ್ದಾಗಿನ ಚಿಪ್ಪನ್ನು ಕಳಚಿ ಬಿಸಾಕುವುದಿಲ್ಲ. ಅದರ ಅಂಚಿಗೇ ಹೊಸ ಸುಣ್ಣ ಹಚ್ಚುತ್ತಾ, ಹಚ್ಚುತ್ತಾ ದೊಡ್ಡದಾಗುತ್ತದೆ. ಮರಿಯ ಚಿಪ್ಪು ನೆತ್ತಿಯ ಮೇಲೆ ಹಾಗೇ ಕೂತಿರುತ್ತದೆ. ಆದರೆ ಮರಳು ಬಿಡುತ್ತದೆಯೇ? ಉಜ್ಜಿ ಉಜ್ಜಿ, ಮಾರುಕಟ್ಟೆಗೆ ಬರುವ ಹೊತ್ತಿಗೆ ಬೂದು ಚಿಪ್ಪಿನ ನೆತ್ತಿ ಮುದುಕರ ತಲೆಯಂತೆ ಬೋಳಾಗಿರುತ್ತದೆ. ಅದು ಮಗುವಾಗಿದ್ದಾಗ ಹೇಗಿತ್ತು ಎನ್ನುವುದನ್ನು ಸರಿಯಾಗಿ ನೋಡಿದವರೇ ಇರಲಿಲ್ಲ.

ಅವಳು ಕಣ್ಣಿಟ್ಟು ನೋಡಿದಳು. ಅಪ್ಪನ ಚಿಪ್ಪಿನ ಮೇಲೆ ಮಣಿ ಪೋಣಿಸಿದಂಥ ಸಾಲುಗಳು, ಸಾಲಿಗೂ ಸಾಲಿಗೂ ನಡುವೆ ಬಾಚಣಿಗೆ ಎಳೆದಂಥ ಓರೆ ಗೀರುಗಳು. ಬೂದು ಚಿಪ್ಪಿನ ನೆತ್ತಿಯಲ್ಲೂ ಅವೇ ಮಣಿ, ಅವೇ ಓರೆ ಗೀರು. ಅಪ್ಪನ ಚಿಪ್ಪಿನ ಅಂಚಿನಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತಾಗಿದ್ದವು. ಅಪ್ಪ ಇಡೀ ವಾದ ಕಟ್ಟಿದ್ದು ಆ ಅಂಚಿನ ಮೇಲೆ: ಗೆರೆ ಒತ್ತಾಗಿದೆ ಎಂದರೆ ಬೆಳವಣಿಗೆ ಮುಗಿದಿದೆ; ಇದು ಮರಿಯಲ್ಲ, ಬೆಳೆದು ನಿಂತ ಚಿಪ್ಪು; ಇದಕ್ಕಿಂತ ದೊಡ್ಡದಾಗುವ ಜಾತಿಯೇ ಇದಲ್ಲ. ಬೂದು ಚಿಪ್ಪಿನ ನೆತ್ತಿಯಲ್ಲಿ, ಅದೇ ಅಳತೆಗೆ ಬಂದ ಜಾಗದಲ್ಲಿ, ಗೆರೆಗಳು ಹಾಗೇ ಒತ್ತಾಗಿದ್ದವು. ಅದರಾಚೆ ಒಂದು ಸಣ್ಣ ಮೆಟ್ಟಿಲಿನಂಥ ಏರು. ಏರಿನಾಚೆ ಗೆರೆಗಳು ಮತ್ತೆ ದೂರ ದೂರವಾಗಿ, ನಿರಾಳವಾಗಿ ಬೆಳೆದುಕೊಂಡು ಹೋಗಿದ್ದವು.

ನದಿಯ ಸಿಹಿನೀರು ಕೊಲ್ಲಿಗೆ ನುಗ್ಗುವ ಕಾಲದಲ್ಲಿ ಮರಿಗಳೆಲ್ಲ ಬಾಯಿ ಮುಚ್ಚಿಕೊಂಡು ಕೂರುತ್ತವೆ, ಬೆಳೆಯುವುದನ್ನು ನಿಲ್ಲಿಸುತ್ತವೆ. ನೀರು ಮತ್ತೆ ಉಪ್ಪಾದ ಮೇಲೆ ಶುರುಮಾಡುತ್ತವೆ. ಅಪ್ಪ ಜರಡಿ ಹಿಡಿದದ್ದು ಹಾಗೆ ಬೆಳವಣಿಗೆ ನಿಂತಿದ್ದ ಹೊತ್ತಿನಲ್ಲಿ.

ಮೀನಿನವನು ಅವಳನ್ನು ಪಕ್ಕಕ್ಕೆ ಸರಿಸಿ ತಾನೂ ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ, ನಮ್ಮ ಕಸುಬಿನಲ್ಲಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೇನು ಬರವಿಲ್ಲ, ಆದರೆ ನಿನ್ನದು ಆ ಹಟವಲ್ಲ, ನೀನು ಕಂಡದ್ದು ನಿಜ ಎಂದ. ಪೆಟ್ಟಿಗೆ ಕಟ್ಟು, ಆ ಹುಡುಗನಿಗೆ ಕಳಿಸು, ಅವನೇ ಬರೆಯಲಿ. ಹಾವೂ ಸಾಯುತ್ತೆ, ನಿನ್ನ ಕೋಲೂ ಮುರಿಯಲ್ಲ ಎಂದು ಬುದ್ಧಿ ಹೇಳಿದ. ಆ ಹುಡುಗ ಹೇಗೆ ಬರೆಯುತ್ತಾನೆ ಎನ್ನುವುದು ಅವಳಿಗೆ ಗೊತ್ತಿತ್ತು. 'ಸ್ಪಷ್ಟವಾಗಿ ಬೂದು ಚಿಪ್ಪಿನ ಮರಿ' ಎಂದು ಒಂದು ಸಾಲು; ಆ 'ಸ್ಪಷ್ಟವಾಗಿ' ಎನ್ನುವ ಪದವನ್ನು ಅವನು ಬಿಡುವುದಿಲ್ಲ. ಆ ವಯಸ್ಸಿನಲ್ಲಿ ಅವಳೂ ಬಿಡುತ್ತಿರಲಿಲ್ಲ.

"ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ ಅಂದರೆ ಹೇಗೆ?" ಎಂದಳು.

"ನೋಡಿದ್ದರಲ್ವಾ ಕಾಣೋಕೆ. ಆ ಹೆಸರಿಟ್ಟ ಮೇಲೆ ಅದನ್ನ ಕೆದಕೋಕೆ ಯಾರಿಗೆ ಮನಸ್ಸು ಬರುತ್ತೆ, ಹೇಳು."

ಅದು ನಿಜವಾಗಿತ್ತು. ಅಪ್ಪನ ಪ್ರಬಂಧದ ಕೊನೆಯಲ್ಲಿ, ಹೆಸರಿನ ಮೂಲ ಹೇಳಬೇಕಾದ ಜಾಗದಲ್ಲಿ, ಒಂದು ಸಾಲಿತ್ತು: ಈ ಚಿಪ್ಪು ಸಿಕ್ಕ ದಿನವೇ ನಮ್ಮನ್ನು ಬಿಟ್ಟುಹೋದ ನನ್ನ ಕಿರಿಯ ಮಗಳ ನೆನಪಿಗೆ. ಚಿಪ್ಪು ನೋಡುವವರ ಪ್ರಪಂಚ ಚಿಕ್ಕದು, ಅಲ್ಲಿ ಎಲ್ಲರಿಗೂ ಆ ಸಾಲು ಗೊತ್ತಿತ್ತು. ಅಪ್ಪನ ಬದ್ಧವೈರಿಗಳು, ಅವರ ಬೇರೆ ಹೆಸರುಗಳನ್ನು ಚಿಂದಿ ಮಾಡಿದವರು, ಇದರ ಹತ್ತಿರ ಬಂದಾಗ ಟೋಪಿ ತೆಗೆದು ದಾಟಿ ಹೋಗಿದ್ದರು. ಸಮಾಧಿಯನ್ನು ಅಗೆದು ಒಳಗೆ ಯಾರಿದ್ದಾರೆಂದು ನೋಡುವವರುಂಟೇ?

ಆ ದಿನ ಅವಳಿಗೆ ನೆನಪಿದೆ. ನೆನಪಿರಬಾರದಿತ್ತು ಎನ್ನುವಷ್ಟು ನೆನಪಿದೆ. ಅಮ್ಮನಿಗೆ ಜ್ವರ. ನೀನು ಮಲಗು, ಇಬ್ಬರನ್ನೂ ನಾನು ಕರೆದುಕೊಂಡು ಹೋಗ್ತೀನಿ ಎಂದಿದ್ದರು ಅಪ್ಪ. ನೀರು ಇಳಿದು ಕೊಲ್ಲಿ ಕಣ್ಣು ಹಾಯುವವರೆಗೂ ಕೆಸರಾಗಿತ್ತು. ಅಪ್ಪ ಸಣ್ಣ ಕಾಲುವೆಯೊಂದರಲ್ಲಿ ಮೊಣಕಾಲಿನವರೆಗೆ ಇಳಿದು ಜರಡಿ ಹಿಡಿದಿದ್ದರು. ಚೊಂಬಿನಲ್ಲಿ ನೀರು ಹುಯ್ಯುವುದು ದೊಡ್ಡವಳ ಕೆಲಸ. ಚಿಕ್ಕವಳು ಸ್ವಲ್ಪ ದೂರದ ಮರಳಿನ ದಿಬ್ಬದ ಮೇಲೆ ಕೂತು, ಅಪ್ಪನ ಒಂದು ಜಾಡಿಗೆ ಕೆಸರು ತುಂಬುವುದು, ಸುರಿಯುವುದು, ಮತ್ತೆ ತುಂಬುವುದು ಮಾಡುತ್ತಿದ್ದಳು. ಅಲ್ಲಿಯವರೆಗೆ ಅಪ್ಪ ಎಂದೂ ಅವಳನ್ನು ತಮ್ಮ ಕೆಲಸದ ಒಳಕ್ಕೆ ಕರೆದವರಲ್ಲ. ಅವತ್ತು ಕರೆದರು. ದೊಡ್ಡವಳೇ, ಬಾ ಇಲ್ಲಿ, ನೋಡು ಎಂದರು. ಇಬ್ಬರ ತಲೆಯೂ ಜರಡಿಯ ಮೇಲೆ ಬಾಗಿ ಒಂದಕ್ಕೊಂದು ತಾಗಿತು. ಜರಡಿಯ ತಂತಿಯ ಮೇಲೆ ಮುರಿದ ಉಗುರಿನ ಚೂರುಗಳಂತೆ ಪುಟ್ಟ ಪುಟ್ಟ ಚಿಪ್ಪುಗಳು. ಇದನ್ನ ಇಲ್ಲಿತನಕ ಯಾರೂ ನೋಡಿಲ್ಲ ಕಣೇ, ನೀನೇ ಮೊದಲು ಎಂದರು ಅಪ್ಪ. ಅವಳು ನೋಡಿದಳು. ಬೇಕೆಂದೇ ನಿಧಾನವಾಗಿ ನೋಡಿದಳು. ಅವರ ತಲೆ ತನ್ನ ತಲೆಗೆ ತಾಗಿಕೊಂಡೇ ಇರಲಿ ಎಂದು. ಅಷ್ಟು ಸುಖವಾಗಿ ಅವಳು ಅದಕ್ಕಿಂತ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಉಬ್ಬರದ ನೀರು ಎದುರಿನಿಂದ ಬರುವುದಿಲ್ಲ. ಕಾಲುವೆಗಳಲ್ಲಿ ಹರಿದು ಹಿಂದಿನಿಂದ ಸುತ್ತಿ ಬರುತ್ತದೆ. ಅವರು ತಲೆ ಎತ್ತಿದಾಗ ದಿಬ್ಬ ಇರಲಿಲ್ಲ. ಜಾಡಿ ತೇಲುತ್ತಿತ್ತು. ಚಿಕ್ಕವಳು ಮರುದಿನ ನೀರು ಇಳಿದ ಮೇಲೆ ಸಿಕ್ಕಿದಳು.

ಅದಾದ ಮೇಲೆ ಅಪ್ಪ ಎಷ್ಟೋ ತಿಂಗಳು ಯಾರ ಹತ್ತಿರವೂ ಮಾತಾಡಲಿಲ್ಲ. ಅವತ್ತಿನ ಜರಡಿಯಲ್ಲಿದ್ದುದನ್ನು ತಟ್ಟೆಯಲ್ಲಿ ಹರಡಿಕೊಂಡು ಕೂತಿರುತ್ತಿದ್ದರು. ಆಮೇಲೆ ಬರೆಯಲು ಶುರುಮಾಡಿದರು. ಬರೆದು ಮುಗಿದ ದಿನ ಹೊಟ್ಟೆ ತುಂಬ ಊಟ ಮಾಡಿದರು.

ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅವಳು ಧೈರ್ಯ ಮಾಡಿ ಕೇಳಿದ್ದಳು, ನನ್ನ ಹೆಸರನ್ನೂ ಯಾವುದಾದರೂ ಚಿಪ್ಪಿಗೆ ಇಡ್ತೀರಾ ಎಂದು. ಬದುಕಿರೋರ ಹೆಸರು ನಾನು ಇಡಲ್ಲ ಎಂದು ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದರು. ಅದು ಅವರ ಪದ್ಧತಿ. ಬದುಕಿರುವವನು ನಾಳೆ ಏನು ಮಾಡುತ್ತಾನೋ ಯಾರು ಬಲ್ಲರು; ಸತ್ತವನು ಇನ್ನೇನೂ ಮಾಡಲಾರ. ಅವತ್ತು ಅವಳಿಗೆ ಹೊಳೆದದ್ದು ಬೇರೆ. ಈ ಮನೆಯಲ್ಲಿ ಹೆಸರು ಬೇಕೆಂದರೆ ಏನು ಮಾಡಬೇಕು ಎಂದು ಅವಳಿಗೆ ಹೊಳೆಯಿತು, ಮತ್ತು ಆ ಯೋಚನೆಗೆ ಹೆದರಿ ಅವಳು ಮುಸುಕು ಹೊದ್ದು ಮಲಗಿದ್ದಳು.

ಶನಿವಾರ ಮಧ್ಯಾಹ್ನ ಕಚೇರಿ ಬೇಗ ಮುಚ್ಚುತ್ತದೆ. ಅವಳು ಮೂಲ ಮಾದರಿಯ ಕೊಳವೆಯನ್ನೂ ಬೂದು ಚಿಪ್ಪಿನ ತುಂಡನ್ನೂ ಹತ್ತಿಯಲ್ಲಿ ಸುತ್ತಿ, ಖಾಲಿ ಊಟದ ಡಬ್ಬಿಯೊಳಗಿಟ್ಟು, ಕಾವಲುಗಾರನ ಮುಂದೆಯೇ ಹೊರಬಿದ್ದಳು. ಮೂಲ ಮಾದರಿಯನ್ನು ಹೀಗೆ ಕಟ್ಟಡದಿಂದ ಆಚೆ ಒಯ್ದವರ ಕೆಲಸ ಹೋಗುತ್ತದೆ. ಆದರೆ ಅಪ್ಪನಿಗೆ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಲಾಗದು, ಅವರ ಬೆನ್ನ ಹಿಂದೆ ಆ ಹೆಸರು ತಪ್ಪೆಂದು ಬರೆಯಲು ಇವಳಿಗಾಗದು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಳು. ಪಕ್ಕದ ಹೆಂಗಸು, ಏನಮ್ಮಾ, ಸಾರು ಚೆಲ್ಲುತ್ತಾ ಎಂದು ಕೇಳಿ ಸ್ವಲ್ಪ ಸರಿದು ಕೂತಳು.

ಮನೆ ಎಂದರೆ ಎರಡನೆಯ ಮಹಡಿಯ ಮೂರು ಕೋಣೆ. ಅಮ್ಮ ಅಡಿಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಚಿಪ್ಪು, ಮೀನು, ಸಮುದ್ರ, ಇವುಗಳ ಮಾತು ಅಮ್ಮನ ಮುಂದೆ ಯಾರೂ ಆಡುತ್ತಿರಲಿಲ್ಲ. ಅವುಗಳಲ್ಲಿ ಯಾವುದನ್ನೂ ಅವಳು ಆ ದಿನದಿಂದ ಮನೆಯೊಳಗೆ ಬೇಯಿಸಿರಲಿಲ್ಲ. ಆದರೂ ದೊಡ್ಡವಳು ನಿಂತ ನಿಲುವಿನಲ್ಲೇ ವಿಷಯ ಹೇಳಿದಳು. ನಿಂತೇ ಹೇಳಿದ್ದರಿಂದ ಮಾತು ಚಿಕ್ಕದಾಯಿತು. ಅಪ್ಪನ ಚಿಪ್ಪು ಹೊಸದಲ್ಲ. ಬೂದು ಚಿಪ್ಪಿನ ಮರಿ. ಆ ಹೆಸರು ಇನ್ನು ನಿಲ್ಲುವುದಿಲ್ಲ, ಬೂದು ಚಿಪ್ಪಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೋಗುತ್ತದೆ.

ಅಮ್ಮನ ಬೆರಳು ನಿಲ್ಲಲಿಲ್ಲ. ಬಟಾಣಿ ಬಟ್ಟಲಿಗೆ ಬೀಳುತ್ತಲೇ ಇತ್ತು.

"ಆ ಹೆಸರಿಟ್ಟೋಳು ನಾನು," ಎಂದಳು. "ಹೆತ್ತ ಮೇಲೆ ಹತ್ತು ಹೆಸರು ಬಾಯಲ್ಲಿ ಹೇಳಿ ನೋಡಿ, ಕರೆದರೆ ಕೇಳೋಕೆ ಚೆನ್ನಾಗಿರಬೇಕು ಅಂತ ಇಟ್ಟಿದ್ದು. ನನ್ನನ್ನ ಒಂದು ಮಾತು ಕೇಳದೆ ತಗೊಂಡು ಹೋಗಿ ಆ ಕಸಕ್ಕೆ ಅಂಟಿಸಿದರು. ಅದಾದ ಮೇಲೆ ನನಗೆ ಬಾಯಿ ತುಂಬ ಆ ಹೆಸರು ಹೇಳೋಕೆ ಬಂದಿಲ್ಲ."

"ಹಾಗಾದರೆ ತೆಗೆದರೆ ಒಳ್ಳೇದಲ್ವಾ?"

"ಯಾರಿಗೆ ಒಳ್ಳೇದು? ಅವರು ಅದೊಂದನ್ನ ತಲೆದಿಂಬು ಮಾಡ್ಕೊಂಡು ಇಷ್ಟು ವರ್ಷ ನಿದ್ದೆ ಮಾಡಿದ್ದಾರೆ. ಮಗು ಹೋಯ್ತು, ಆದರೆ ಸುಮ್ಮನೆ ಹೋಗಲಿಲ್ಲ, ಅಂತ. ನೀನು ದಿಂಬು ಕಿತ್ಕೊಂಡು ಹೋಗ್ತೀಯ. ಆಮೇಲೆ ಅವರ ತಲೆ ಎಲ್ಲಿಡಲಿ, ನನ್ನ ತೊಡೆ ಮೇಲಾ? ಅಲ್ಲಿ ಅವತ್ತಿಂದ ಜಾಗ ಇಲ್ಲ." ಸಿಪ್ಪೆಯನ್ನು ಒಟ್ಟುಮಾಡಿ ಕಾಗದದಲ್ಲಿ ಸುತ್ತಿದಳು. "ನಿಂಗೂ ಒಂದಿಷ್ಟು ಹೊಟ್ಟೆಯುರಿ ಇದ್ದೇ ಇದೆ. ಇಲ್ಲ ಅನ್ನಬೇಡ. ನಾನು ಹೆತ್ತೋಳು, ನಂಗೆ ಗೊತ್ತು."

ದೊಡ್ಡವಳು ಇಲ್ಲ ಎನ್ನಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನೊಳಗೆ ಅದನ್ನೇ ತಡಕುತ್ತಾ ಬಂದಿದ್ದಳು. ಸಿಕ್ಕಿತ್ತು ಕೂಡ. ಒಣಗಿದ ಹಣ್ಣಿನ ಬೀಜದಂತೆ ಒಂದು ಮೂಲೆಯಲ್ಲಿ ಬಿದ್ದಿತ್ತು, ಹಳೆಯದು, ಗಟ್ಟಿ. ಅದು ಇದೆ ಎಂದಮಾತ್ರಕ್ಕೆ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಬೇರೆಯಾಗುತ್ತಿರಲಿಲ್ಲ.

ಅಪ್ಪ ಕಿಟಕಿಯ ಹತ್ತಿರದ ಮೇಜಿಗೆ ಕೂತಿದ್ದರು. ಅವರ ಎರಡೂ ಕಣ್ಣಿನ ನಡುಭಾಗ ಹೋಗಿತ್ತು. ಯಾವುದನ್ನು ನೇರವಾಗಿ ನೋಡಿದರೂ ಅಲ್ಲೊಂದು ಬೂದಿ ಬಣ್ಣದ ಕಲೆ. ಅಂಚಿನಲ್ಲಿರುವುದು ಮಾತ್ರ ಕಾಣುತ್ತಿತ್ತು. ಹಾಗಾಗಿ ಮುಖ ನೋಡಬೇಕೆಂದರೆ ಅವರು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು. ಗೊತ್ತಿಲ್ಲದವರು ಮುದುಕನಿಗೆ ಸೊಕ್ಕು ಎಂದುಕೊಳ್ಳುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆಗೆ ತಾಗಿ ಸಣ್ಣ ಸಣ್ಣ ಸೆಳೆಖಾನೆಗಳ ಒಂದು ಕಪಾಟು. ನಿವೃತ್ತಿಯಾದಾಗ ಮನೆಗೆ ತರಲು ಬಿಟ್ಟಿದ್ದ ಅವರ ಸ್ವಂತ ಸಂಗ್ರಹ ಅದು.

ಅವಳು ಮೊದಲು ಬೂದು ಚಿಪ್ಪಿನ ತುಂಡನ್ನು ಅವರ ಅಂಗೈಗೆ ಹಾಕಿದಳು. ಅವರು ಹೆಬ್ಬೆರಳ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದರು.

"ಬೂದು ಚಿಪ್ಪು," ಎಂದರು. ಉಗುರು ನೆತ್ತಿಗೆ ಬಂದು ನಿಂತಿತು. ಮುಖ ಅರಳಿತು. "ಏ, ಇದರ ನೆತ್ತಿ ಸವೆದಿಲ್ಲ. ಎಲ್ಲಿ ಸಿಕ್ತು ನಿನಗೆ? ಇಂಥದ್ದು ಒಂದು ಸಿಗಲಿ ಅಂತ ನಾನು ಸರ್ವಿಸ್ ಪೂರ್ತಿ ಹುಡುಕಿದ್ದೆ."

ಹಳೆಯ ಧಕ್ಕೆಯ ಕಲ್ಲುಸಂದಿ ಎಂದಳು. ಅವರು ಕೈಮಸೂರ ತೆಗೆದುಕೊಂಡು, ಮುಖ ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಲು ತೊಡಗಿದರು. ಸಂಭ್ರಮ ಅವರ ಭುಜದಲ್ಲಿ ಕಾಣುತ್ತಿತ್ತು. ಮಣಿ ಸಾಲು ಎಂದರು. ಓರೆ ಗೀರು ಎಂದರು. ಮಸೂರವನ್ನು ನೆತ್ತಿಯ ಅಂಚಿಗೆ ಸರಿಸಿದರು. ಭುಜ ಇಳಿಯಿತು. ಕೆಳಗೆ ರಸ್ತೆಯಲ್ಲಿ ಯಾರೋ ಕಬ್ಬಿಣದ ಶಟರ್ ಎಳೆದು ಮುಚ್ಚಿದರು. ಅಪ್ಪ ಇನ್ನೂ ಮಸೂರ ಇಳಿಸಿರಲಿಲ್ಲ.

"ಇಲ್ಲಿ ಬೆಳವಣಿಗೆ ನಿಂತಿದೆ," ಎಂದರು ಕೊನೆಗೆ.

"ನಿಂತಿದೆ."

"ಆಮೇಲೆ?"

"ಆಮೇಲೆ ಮತ್ತೆ ಶುರುವಾಗಿದೆ ಅಪ್ಪ."

ಅವರು ಕೈ ಚಾಚಿದರು. ಏನನ್ನು ಕೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಕೊಳವೆಯ ಹತ್ತಿ ತೆಗೆದು, ಕುಂಚ ತಂದಿರಲಿಲ್ಲವಾಗಿ ಬೆರಳ ತುದಿಯನ್ನೇ ಒದ್ದೆ ಮಾಡಿಕೊಂಡು, ಮೂಲ ಮಾದರಿಯನ್ನು ಅವರ ಎಡ ಅಂಗೈಯಲ್ಲಿ ಇಳಿಸಿದಳು. ಅದನ್ನು ಮನೆಗೆ ಹೇಗೆ ತಂದೆ ಎಂದು ಬೈಯಬೇಕಿದ್ದವರು ಬೈಯಲಿಲ್ಲ. ಮಸೂರದಲ್ಲಿ ನೋಡಲೂ ಇಲ್ಲ. ಅದರ ಮೇಲಿನ ಒಂದೊಂದು ಮಣಿಯೂ ಅವರಿಗೆ ಬಾಯಿಪಾಠ.

"ಕೆಜಿಗಿಷ್ಟು ಅಂತ ಮಾರ್ತಾರೆ," ಎಂದರು. "ಅವತ್ತು ನಾನು ಅದರ ಮರಿ ನೋಡ್ತಾ ನಿಂತಿದ್ದೆ. ಮಾರುಕಟ್ಟೆ ಚಿಪ್ಪಿನ ಮರಿ."

ತಾನೂ ನೋಡುತ್ತಿದ್ದೆ ಎಂದು ಅವಳು ಹೇಳಬಹುದಿತ್ತು. ಆ ಮಾತು ಇಷ್ಟು ವರ್ಷ ಇಬ್ಬರ ನಡುವೆ ಯಾರೂ ಹೇಳದೆ ಬಿದ್ದಿತ್ತು, ಈಗಲೂ ಅವಳ ಬಾಯಿಗೆ ಬರಲಿಲ್ಲ.

ಅಪ್ಪ ನಿಧಾನವಾಗಿ ಬೆರಳು ಮಡಿಚಿದರು. ಎಡಗೈ ಮುಷ್ಟಿಯಾಯಿತು. ಒಳಗೆ ಚಿಪ್ಪು. ಉಗುರಿನ ಪೊರೆಗಿಂತ ದಪ್ಪವೇನಿರಲಿಲ್ಲ ಅದು. ಸುಮ್ಮನೆ ಗಟ್ಟಿಯಾಗಿ ಹಿಡಿದರೆ ಸಾಕು, ಪುಡಿ. ಮೂಲ ಮಾದರಿಗಳು ಒಡೆಯುತ್ತವೆ ಎಂದು ಅವರು ಶುರುಮಾಡಿದರು, ಪಾಠ ಮಾಡುವಂಥ ಹಳೆಯ ಧ್ವನಿಯಲ್ಲಿ. ಬೆಂಕಿಗೆ ಹೋಗುತ್ತವೆ, ಅಂಚೆಯಲ್ಲಿ ಹೋಗುತ್ತವೆ, ಕಸ ಗುಡಿಸುವವರ ಪೊರಕೆಗೆ ಹೋಗುತ್ತವೆ. ಒಡೆದಿದೆ ಎಂದು ಬರೆದರೆ ಯಾರೂ ಬಂದು ಚೂರು ಎಣಿಸುವುದಿಲ್ಲ. ಪ್ರಬಂಧದಲ್ಲಿರುವ ಚಿತ್ರ ನೋಡಿಕೊಂಡು ಆ ಹುಡುಗ ಅನುಮಾನ ಪಡಬಹುದು, ಪಡಲಿ. ಅನುಮಾನದಿಂದ ಹೆಸರು ಬೀಳುವುದಿಲ್ಲ. ಅವನಿಗೆ ಹಾಗೆ ಬರೆ ಎಂದರು.

ಅವಳಿಗೆ ನೆನಪಾದದ್ದು ಅವರು ತಮ್ಮ ಗುರುಗಳು ಚಿಪ್ಪುಗಳಿಗಿಟ್ಟ ಹೆಸರುಗಳನ್ನು ಒಂದಾದ ಮೇಲೊಂದು ಬೀಳಿಸಿದ್ದು. ಆ ಗುರುಗಳು ಮನೆಗೇ ಬಂದು, ಇದೊಂದನ್ನಾದರೂ ಬಿಡಪ್ಪಾ, ಅದು ನನ್ನ ಹೆಂಡತಿ ಹೆಸರು ಎಂದು ಕೇಳಿಕೊಂಡಿದ್ದರು. ಅಪ್ಪ ಕಾಫಿ ಕೊಟ್ಟು ಕಳಿಸಿದ್ದರು, ಹೆಸರು ಬಿಟ್ಟಿರಲಿಲ್ಲ. ತಪ್ಪು ಮಾಡಿದರೆ ಕ್ಷಮೆ ಇದೆ. ತಪ್ಪೆಂದು ಗೊತ್ತಾದ ಮೇಲೂ ಇಟ್ಟುಕೊಂಡರೆ ಅದು ತಪ್ಪಲ್ಲ, ಸುಳ್ಳು ಎಂದು ಅವತ್ತು ಊಟದ ಹೊತ್ತಿನಲ್ಲಿ ಹೇಳಿದ್ದರು. ಅದನ್ನು ಈಗ ಎತ್ತಿ ಅವರ ಮುಖಕ್ಕೆ ಹಿಡಿಯುವುದು ಸುಲಭವಿತ್ತು. ಅವಳು ಹಿಡಿಯಲಿಲ್ಲ. ಅವರಿಗೇ ಅದು ನೆನಪಾಗಿದೆ ಎನ್ನುವುದು ಅವರ ಮುಖ ಪಕ್ಕಕ್ಕೆ ತಿರುಗದೆ ನೇರವಾಗಿ ಅವಳ ಕಡೆಗಿದ್ದುದರಿಂದಲೇ ಗೊತ್ತಾಗುತ್ತಿತ್ತು. ಅವರಿಗೆ ಅವಳ ಮುಖ ಕಾಣುವುದು ಬೇಡವಾಗಿತ್ತು.

ಆಮೇಲೆ ಅವರು ಎದ್ದರು. ಎಡಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಕಪಾಟನ್ನು ತಡವಿ, ಕೆಳಗಿನ ಸಾಲಿನ ಒಂದು ಸೆಳೆಖಾನೆಯ ಹಿಂಭಾಗದಿಂದ ಗಾಜಿನ ಕೊಳವೆಯೊಂದನ್ನು ಹೊರತೆಗೆದರು. ಅದರಲ್ಲಿ ಚೀಟಿ ಇರಲಿಲ್ಲ. ನೋಡು ಎಂದರು.

ಅವಳು ಮಸೂರ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಚಿಪ್ಪು ಹಾಲುಬಿಳಿ, ಒಳಗಿನ ಬೆಳಕು ಹೊರಗೆ ಕಾಣುವಷ್ಟು ತೆಳು, ಒಂದು ಕಡೆಗೆ ದೋಣಿಯ ಮೂತಿಯಂತೆ ಚಾಚಿತ್ತು. ಕೀಲನ್ನು ಹುಡುಕಿದಳು. ಇಂಥ ಚಿಪ್ಪಿನ ಎರಡು ಕದ ಕೂಡುವಲ್ಲಿ ಸಣ್ಣ ಹಲ್ಲುಗಳಿರಬೇಕು. ಇರಲಿಲ್ಲ. ಬದಲಿಗೆ ಒಂದು ಸುರುಳಿ ತೋಡು, ಅವಳು ಯಾವ ಚಿಪ್ಪಿನಲ್ಲೂ, ಯಾವ ಚಿತ್ರದಲ್ಲೂ ನೋಡಿರದಂಥದ್ದು. ಹೊಸ ಜಾತಿ ಮಾತ್ರವಲ್ಲ, ಹೊಸ ಕುಲವೇ ಇರಬೇಕು. ಇದರಲ್ಲಿ ಮೋಸವಿಲ್ಲ. ಅಂಚಿನ ಗೆರೆಗಳನ್ನು ನೋಡಿದಳು, ನೆತ್ತಿಯನ್ನು ನೋಡಿದಳು, ಒಂದೊಂದನ್ನೂ ನಂಬದೆ ನೋಡಿದಳು. ಮೋಸವಿರಲಿಲ್ಲ.

"ಆಳದ ನೀರಿನಲ್ಲಿ ಸಿಕ್ಕಿದ್ದು. ನೀನು ಕಾಲೇಜಿಗೆ ಸೇರಿದ ವರ್ಷ," ಎಂದರು ಅಪ್ಪ.

ಇಷ್ಟು ದಿನ ಯಾಕೆ ಹೆಸರಿಡಲಿಲ್ಲ ಎಂದು ಅವಳು ಕೇಳಿದಳು. ಕೇಳುವ ಮೊದಲೇ ಉತ್ತರ ಗೊತ್ತಾಗಿ ಅವಳ ಕಿವಿ ಬಿಸಿಯಾಗಿತ್ತು.

"ಬದುಕಿರೋರ ಹೆಸರಿಡಲ್ಲ ಅಂದಿದ್ದೆನಲ್ಲ ನಿನಗೆ. ಅಂದುಬಿಟ್ಟಿದ್ದೆ. ಬೇರೆ ಯಾರ ಹೆಸರಿಡೋಕೂ ಮನಸ್ಸಾಗಲಿಲ್ಲ. ಹಾಗೇ ಇಟ್ಟಿದ್ದೆ." ಸೆಳೆಖಾನೆಯನ್ನು ತಳ್ಳಿ ಮುಚ್ಚಿದರು. "ಈಗ ಇಡ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊ. ನಿನ್ನ ಹೆಸರು. ಅದರ ಕೆಳಗೆ ಇನ್ಯಾವ ಹೆಸರೂ ಬರಲ್ಲ, ಮೇಲೂ ಬರಲ್ಲ. ನಾವೆಲ್ಲ ಹೋದ ಮೇಲೂ ಇರುತ್ತೆ."

ಕೊಳವೆಯನ್ನು ಅವಳ ಕೈಯಿಂದ ತೆಗೆದುಕೊಂಡು, ತಮ್ಮ ಬಲ ಅಂಗೈಯ ಮೇಲಿಟ್ಟು ಅವಳ ಮುಂದೆ ಚಾಚಿದರು. ಎಡಮುಷ್ಟಿ ಎದೆಯ ಮೇಲೆ ಹಾಗೇ ಇತ್ತು.

"ಇದು ನಿನಗೆ," ಎಂದರು. "ಅದು ನನಗಿರಲಿ."

ಅಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ತಿಳಿಯಲಿಲ್ಲ. ಸೆರಗಿಗೆ ಕೈ ಒರೆಸುತ್ತಿದ್ದಳು. ಕೈ ಒಣಗಿದ ಮೇಲೂ ಒರೆಸುತ್ತಿದ್ದಳು.

"ಕೊಡ್ತಿದಾರಲ್ಲ, ತಗೋಳೇ," ಎಂದಳು. "ಚಿಕ್ಕಂದಿನಿಂದ ಬಾಯಿ ಬಿಟ್ಕೊಂಡು ಕಾದಿದ್ದೀಯ."

ಅದೂ ಸುಳ್ಳಲ್ಲ. ದೊಡ್ಡವಳು ಅಪ್ಪನ ಅಂಗೈಯ ಮೇಲಿನ ಕೊಳವೆಯನ್ನು ನೋಡಿದಳು. ಗಾಜಿನೊಳಗೆ ಬಿಳಿಯ ಚಿಪ್ಪು ಹತ್ತಿಗೆ ಒರಗಿ ಮಲಗಿತ್ತು. ಕೆಂಪು ಅಂಚಿನ ಚೀಟಿ ಎಲ್ಲಿ ಬರುತ್ತದೆ, ಡಬ್ಬಿ ಯಾವ ಅಳತೆಯದು, ಕಪಾಟಿನಲ್ಲಿ ಅದು ಯಾವ ಸಾಲಿಗೆ ಹೋಗುತ್ತದೆ, ಎಲ್ಲ ಅವಳಿಗೆ ಕಾಣುತ್ತಿತ್ತು. ಚಿಕ್ಕವಳದ್ದರ ಪಕ್ಕದ ಸಾಲೇ. ಬೀಗ ಹಾಕಿದರೆ ಇಬ್ಬರೂ ಒಳಗೆ.

ಅವಳು ಕೈ ಚಾಚಿದಳು. ಅಪ್ಪನ ಬಲಗೈಯ ಕಡೆಗಲ್ಲ, ಎದೆಯ ಮೇಲಿದ್ದ ಮುಷ್ಟಿಯ ಕೆಳಗೆ, ಅಂಗೈ ಮೇಲಾಗಿ, ಜರಡಿಯ ಕೆಳಗೆ ಬಟ್ಟಲು ಹಿಡಿಯುವ ಹಾಗೆ.

"ಬೇಡ ಅಪ್ಪ," ಎಂದಳು. "ನನ್ನ ಹೆಸರು ಅದಕ್ಕೆ ಬೇಡ. ಮುಷ್ಟಿಯಲ್ಲಿರೋದನ್ನ ಕೊಡಿ."